ಮಗನ ಮಾತ್ರೆಗೆ ಉಡುಪಿ–ಮಂಗಳೂರು ಓಡಾಟ

ಮಗನಿಗೆ ಒಂಬತ್ತು ವರ್ಷ, ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ. ಡಾಕ್ಟರು ಬರೆದದ್ದು ಮೀಥೈಲ್‌ಫೆನಿಡೇಟ್, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಮೊದಲ ತಿಂಗಳಿನದು ಆಸ್ಪತ್ರೆಯ ಫಾರ್ಮಸಿಯಲ್ಲೇ ಸಿಕ್ಕಿತು. ಎರಡನೇ ತಿಂಗಳು ಅಲ್ಲಿ ಸ್ಟಾಕ್ ಇಲ್ಲ. ಉಡುಪಿಯ ಕಲ್ಸಂಕದಿಂದ ಬಸ್‌ಸ್ಟ್ಯಾಂಡಿನವರೆಗೆ ನಾಲ್ಕು ಮೆಡಿಕಲ್ ಹತ್ತಿ ಇಳಿದೆ. ಮೂರು ಕಡೆ ಚೀಟಿ ನೋಡಿದ್ದೇ ತಲೆಯಾಡಿಸಿದರು. ನಾಲ್ಕನೆಯವರು ಮಾತ್ರ ಬಾಯಿ ಬಿಟ್ಟರು: "ಇದು ನಮಗೆ ಇಡ್ಲಿಕ್ಕೇ ಇಲ್ಲ ಮಾರಾಯ್ರೆ. ಬೇರೆ ಲೈಸೆನ್ಸ್ ಬೇಕು."

ನಾನು ಅಂದುಕೊಂಡದ್ದು ನಿದ್ರೆ ಮಾತ್ರೆಯ ಹಾಗೆ ಇದೂ ಒಂದು ಎಂದು. ಅಲ್ಲ. ನಿದ್ರೆ, ಆತಂಕಕ್ಕೆ ಕೊಡುವ ಅಲ್‌ಪ್ರಜೋಲಾಮ್, ನೋವಿನ ಟ್ರಾಮಡಾಲ್‌ನಂಥವು ಔಷಧ ನಿಯಮಗಳ ಶೆಡ್ಯೂಲ್ (ಪಟ್ಟಿ) ಎಚ್1ರಲ್ಲಿವೆ. ಹೆಸರು ವಿಳಾಸ ರಿಜಿಸ್ಟರಿನಲ್ಲಿ ಬರೆದುಕೊಂಡು ಕೊಡುತ್ತಾರೆ. ಇದು ಅದಕ್ಕಿಂತ ಬಿಗಿಯಾದ ಶೆಡ್ಯೂಲ್ ಎಕ್ಸ್. ಅಂಗಡಿಗೆ 20ಎಫ್ ಎಂಬ ಪ್ರತ್ಯೇಕ ಪರವಾನಗಿ, ಬೀಗದ ಕಪಾಟು, ಎರಡು ಪ್ರತಿ ಚೀಟಿ. ಅದರಲ್ಲಿ ಒಂದನ್ನು ಅವರು 2 ವರ್ಷ ಇಟ್ಟುಕೊಳ್ಳಬೇಕು. ತಿಂಗಳಿಗೆ ನಾಲ್ಕಾರು ಸ್ಟ್ರಿಪ್ ಹೋಗುವ ಮದ್ದಿಗೆ ಇಷ್ಟು ತಲೆಬಿಸಿ ಯಾರಿಗೆ ಬೇಕು? ಅವರ ಮೇಲೆ ನನಗೀಗ ಸಿಟ್ಟಿಲ್ಲ.

ವಿಚಾರಿಸುತ್ತಾ ಹೋದಾಗ ಮಂಗಳೂರಿನ ಕಂಕನಾಡಿಯಲ್ಲಿ ಇದನ್ನು ಇಡುವ ಒಂದು ಅಂಗಡಿ ಉಂಟೆಂದು ಗೊತ್ತಾಯಿತು. ಎಕ್ಸ್‌ಪ್ರೆಸ್ ಬಸ್ ಹತ್ತಿ ಹೋದೆ. ಅಲ್ಲಿನ ಹಿರಿಯರು ಕನ್ನಡಕ ಏರಿಸಿ, ಡಾಕ್ಟರ ಸಹಿಯ ಮೇಲಿದ್ದ ಆಸ್ಪತ್ರೆ ಫಾರ್ಮಸಿಯ ಹಳೆಯ ಸೀಲನ್ನು ಪೆನ್ನಿನ ತುದಿಯಿಂದ ಎರಡು ಸಲ ಕುಟ್ಟಿದರು. "ಇದು ಮುಗಿದ ಚೀಟಿ." ಪುನಃ ಕೊಡಬಹುದೆಂದು ಡಾಕ್ಟರು ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ. ಜೆರಾಕ್ಸ್ ಚಾಚಿದೆ, ನಕ್ಕರು. ಮಾತ್ರೆ ಅವರ ಬೆನ್ನ ಹಿಂದಿನ ಡ್ರಾಯರಿನಲ್ಲೇ ಇತ್ತು, ಕೀಲಿ ಅವರ ಜೇಬಿನಲ್ಲಿ. ನಾನು ಬರಿಗೈಯಲ್ಲಿ ವಾಪಸ್. ಆ ವಾರವಿಡೀ ಮಗನ ಡೈರಿಯಲ್ಲಿ ಟೀಚರ ಕೆಂಪು ಶಾಯಿ.

ಈಗ ಡಾಕ್ಟರ ಕೋಣೆಯಿಂದ ಏಳುವ ಮೊದಲೇ ಚೀಟಿ ಓದುತ್ತೇನೆ. ಸಹಿ, ತಾರೀಕು ಇರುವ ಎರಡು ಅಸಲು ಪ್ರತಿ, ಮಗನ ಹೆಸರು, ಮನೆ ವಿಳಾಸ, ಒಟ್ಟು ಎಷ್ಟು ಮಾತ್ರೆ. "1-1-0" ಎಂದಷ್ಟೇ ಇದ್ದರೆ ಅಲ್ಲೇ "60" ಬರೆಸಿಕೊಳ್ಳುವುದು. ಹಿಂದೆ ಕುಳಿತವರು ಗೊಣಗುತ್ತಾರೆ, ಗೊಣಗಲಿ. ಮಾತ್ರೆ ಹತ್ತು ದಿನದ್ದು ಉಳಿದಿರುವಾಗಲೇ ಕಂಕನಾಡಿಗೆ ಫೋನ್. ಸ್ಟಾಕ್ ಉಂಟು ಎಂದರಷ್ಟೇ ಬಸ್. ಶಾಲೆ ರಜೆಯ ದಿನ ಬೇಡ ಎಂದು ನಮ್ಮ ಡಾಕ್ಟರೇ ಹೇಳಿದ್ದರಿಂದ ಭಾನುವಾರಗಳದ್ದು ಒಂದಿಷ್ಟು ಉಳಿಯುತ್ತದೆ, ಅದೇ ನನ್ನ ಆಪದ್ಧನ. ಎಲ್ಲ ಮಕ್ಕಳಿಗೂ ಹಾಗೆ ನಿಲ್ಲಿಸಲಿಕ್ಕೆ ಆಗುವುದಿಲ್ಲ, ಕೇಳಿಯೇ ಮಾಡಬೇಕು.

ಮೊನ್ನೆ ಆಟಿಯ ಮಳೆಯಲ್ಲಿ ಕಂಕನಾಡಿಯ ಅಂಗಡಿಯವರೇ ಫೋನ್ ಮಾಡಿದರು: "ಮೂವತ್ತೇ ಬಂದದ್ದು, ಬೇಕಾ?" ಕೊಡೆ ಹಿಡಿದು ಹೊರಟೆ. ಮೂವತ್ತು ಕೊಟ್ಟದ್ದೆಂದು ಚೀಟಿಯ ಮೇಲೆ ಬರೆಸಿ, ಸೀಲು ಹಾಕಿಸಿಕೊಂಡೇ ಮೆಟ್ಟಿಲಿಳಿದೆ.