ಗೇಟ್ ಕೊಚ್ಚಿಹೋದ ವಾರ ನಾನು ಬರೆದದ್ದು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ (ಕಟ್ಟೆಯ ಮೇಲ್ಭಾಗದಲ್ಲಿ ನೀರು ತಡೆಯುವ ಗೇಟ್) ಚೈನ್ ತುಂಡಾಗಿ ಕೊಚ್ಚಿಹೋಯಿತು. ಬೆಳಗಾಗುವಷ್ಟರಲ್ಲಿ ‘ಡ್ಯಾಂ ಒಡೆದಿದೆ’ ಎಂಬ ಸಂದೇಶ ಊರೂರು ಸುತ್ತಿತ್ತು. ಜಲಾಶಯದ ಕೆಳಗೆ ಹೊಳೆದಂಡೆಯಲ್ಲಿರುವ ಕಂಪ್ಲಿ ಭಾಗದ ಸುದ್ದಿ ಬರೆಯುವ ನನಗೆ ಫೋನ್ ಮಾಡಿದವರೆಲ್ಲ ಕೇಳಿದ್ದು ಒಂದೇ: ನಾವು ಊರು ಬಿಡಬೇಕೇ?

‘ಆತಂಕ ಬೇಡ’ ಎಂದ ಅಧಿಕಾರಿಯ ಮಾತನ್ನೂ ‘ಪ್ರಳಯ’ ಎಂದ ಟಿವಿಯ ಮಾತನ್ನೂ ಅಕ್ಕಪಕ್ಕ ಇಟ್ಟರೆ ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಹಾಗಾಗಿ ಲೆಕ್ಕ ಹಾಕಿದೆ. ನದಿಗೆ 1 ಲಕ್ಷ ಕ್ಯೂಸೆಕ್ (ಸೆಕೆಂಡಿಗೆ 1 ಲಕ್ಷ ಘನ ಅಡಿ) ದಿನಪೂರ್ತಿ ಹರಿದರೆ ಖಾಲಿಯಾಗುವುದು ಸುಮಾರು 8.6 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಜಲಾಶಯದ ಸಾಮರ್ಥ್ಯ 105 ಟಿಎಂಸಿಗೂ ಹೆಚ್ಚು. ಗೇಟಿನ ಎತ್ತರ 20 ಅಡಿ. ಅದರ ತಳಕ್ಕಿಂತ ಕೆಳಗಿನ ನೀರು ಆ ದಾರಿಯಿಂದ ಹೊರಬರುವುದೇ ಇಲ್ಲ. 1 ಲಕ್ಷ ಕ್ಯೂಸೆಕ್ ಈ ನದಿಗೆ ಹೊಸದೂ ಅಲ್ಲ. ಕಟ್ಟೆ ನಿಂತಿದೆ, ಹೋಗಿರುವುದು 33 ಗೇಟ್‌ಗಳಲ್ಲಿ ಒಂದು, ಒತ್ತಡ ತಗ್ಗಿಸಲು ಉಳಿದವನ್ನು ಬೇಕೆಂದೇ ಎತ್ತಿದ್ದಾರೆ ಎಂದು ಬರೆದೆ. ಹೊಳೆದಂಡೆಯ ಪಂಪ್‌ಸೆಟ್ ಮೇಲಕ್ಕೆ ಸಾಗಿಸಿ ಎಂಬುದನ್ನೂ ಸೇರಿಸಿದೆ. ಭಯ ಬೇಡ ಎಂದ ಮಾತ್ರಕ್ಕೆ ಅಪಾಯವೇ ಇಲ್ಲವೆಂದಲ್ಲ.

ಕ್ಯಾಮೆರಾಗಳೆಲ್ಲ ಧುಮ್ಮಿಕ್ಕುವ ನೀರಿನ ಮುಂದೆಯೇ ಇದ್ದವು. ಅಲ್ಲಿ ನಿಂತವರಿಗೆ ಇದು ನೀರು ಹೆಚ್ಚಾದ ಕಥೆ. ಎಡದಂಡೆ ಕಾಲುವೆಯ ಕೊನೆಯಲ್ಲಿರುವ ಮಾನ್ವಿ, ಸಿರವಾರದವರಿಗೆ ಅದು ನೀರು ಕೈಬಿಟ್ಟ ಕಥೆ. ಅಲ್ಲಿನ ರೈತರಿಗೆ ಫೋನ್ ಮಾಡಿದೆ. ಭತ್ತದ ಸಸಿ ನಾಟಿಯಾಗಿತ್ತು, ಕೆಲವೆಡೆ ಇನ್ನೂ ಆಗಬೇಕಿತ್ತು. ‘ನಿಮ್ಮ ಕಡೆ ಮುಳುಗುವ ಚಿಂತೆ, ನಮಗೆ ಒಣಗುವ ಚಿಂತೆ’ ಎಂದರು ಒಬ್ಬರು. ಡೆಸ್ಕ್‌ನವರು ಇದನ್ನು ಬೇರೆ ಸುದ್ದಿ ಮಾಡೋಣ ಎಂದರು. ನಾನು ಒಪ್ಪಲಿಲ್ಲ, ಒಂದೇ ಘಟನೆ, ಒಂದೇ ವರದಿಯಲ್ಲಿ ಎರಡೂ ಇರಬೇಕು ಎಂದು ಪಟ್ಟು ಹಿಡಿದೆ.

ರಾಜಕೀಯ ಆರೋಪಗಳಿಗೆ ಎರಡೂ ಪಕ್ಷಕ್ಕೆ ತಲಾ ಎರಡು ಸಾಲು ಕೊಟ್ಟು ಮುಗಿಸಿದೆ. ಅದಕ್ಕೆ ಹೆಚ್ಚು ಜಾಗ ಕೊಡುವುದು ನಿಷ್ಪಕ್ಷಪಾತವಲ್ಲ, ಸೋಮಾರಿತನ. ವಾರದೊಳಗೆ ಗೇಟಿನ ಜಾಗದಲ್ಲಿ ಸ್ಟಾಪ್‌ಲಾಗ್ (ತಾತ್ಕಾಲಿಕ ಉಕ್ಕಿನ ತಡೆ) ಕೂರಿಸಿದರು, ವಾಹಿನಿಗಳ ವಾಹನಗಳು ಹೊರಟುಹೋದವು, ಮಳೆ ಬಂದು ಜಲಾಶಯ ಮತ್ತೆ ತುಂಬಿತು. ಏಳು ದಶಕದ ಗೇಟ್‌ಗಳ ಚೈನ್‌ಗಳನ್ನು ಕೊನೆಯ ಬಾರಿ ಯಾರು, ಯಾವಾಗ ಪರೀಕ್ಷಿಸಿದರು ಎಂದು ಕೇಳುವ ಕೆಲಸ ನನಗೆ ಆಮೇಲೆ ಶುರುವಾಯಿತು.