ಫೋಟೋ ಕ್ಲೌಡಲ್ಲಿ ಇಡೋದಾ, ಡಿಸ್ಕಲ್ಲಿ ಇಡೋದಾ: ಎರಡೂ ಮಾಡಿ ನೋಡಿದ ನನ್ನ ಅನುಭವ

ಫೋಟೋ ಜೋಡಿಸಿಟ್ಟು ಎಡಿಟ್ ಮಾಡೋ ಅಡೋಬಿ ಕಂಪ್ನಿಯ ಸಾಫ್ಟ್‌ವೇರ್ ಲೈಟ್‌ರೂಮ್ ಇದೆಯಲ್ಲ, ಅದರ ಸಬ್‌ಸ್ಕ್ರಿಪ್ಶನ್ ತಗೊಳ್ಳೋಕೆ ಹೊರಟವ್ರು ನನ್ನ ಕೇಳೋದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ, ಫೋಟೋ ಎಲ್ಲಾ ಕ್ಲೌಡಿಗೆ ಹಾಕ್ಲಾ ಅಥ್ವಾ ಅದರದೇ ಕ್ಲಾಸಿಕ್ ಅನ್ನೋ ವರ್ಷನ್ ಹಾಕ್ಕೊಂಡು ನನ್ನ ಹಾರ್ಡ್ ಡಿಸ್ಕಲ್ಲೇ ಇಟ್ಕೊಳ್ಲಾ ಅಂತ. ನಾನು ಮೊದಲು ಡಿಸ್ಕಲ್ಲಿ ಇಟ್ಟಿದ್ದೆ, ಆಮೇಲೆ ಪೂರ್ತಿ ಕ್ಲೌಡಿಗೆ ಹೋದೆ, ಈಗ ವಾಪಸ್ ಡಿಸ್ಕಿಗೆ ಬಂದಿದೀನಿ ಆದ್ರೆ ಮೊದಲಿದ್ದ ಥರ ಅಲ್ಲ. ಆ ಓಡಾಟದಲ್ಲಿ ಕಲ್ತಿದ್ದನ್ನ ಇಲ್ಲಿ ಬರೀತಿದೀನಿ, ಸ್ವಲ್ಪ ಉದ್ದ ಆಗ್ಬೋದು.

ಹೊಸಬರಿಗೆ ಹೆಸರಲ್ಲೇ ಗೊಂದಲ ಶುರು ಆಗುತ್ತೆ, ಹಾಗಾಗಿ ಇದನ್ನ ಮೊದಲು ಹೇಳ್ಬಿಡ್ತೀನಿ. ಲೈಟ್‌ರೂಮ್ ಮೊದಲ ವರ್ಷನ್ ಬಂದಿದ್ದು 2007ರಲ್ಲಿ, ಒಂದ್ಸಲ ದುಡ್ಡು ಕೊಟ್ರೆ ನಮ್ಮದಾಗ್ತಿದ್ದ ಕೊನೇ ವರ್ಷನ್ 2015ರ ಲೈಟ್‌ರೂಮ್ 6. 2017ರ ಅಕ್ಟೋಬರಲ್ಲಿ ಅಡೋಬಿ ಇದನ್ನ ಎರಡು ಮಾಡ್ತು, ಹಳೇದಕ್ಕೆ ಲೈಟ್‌ರೂಮ್ ಕ್ಲಾಸಿಕ್ ಅಂತ ಹೆಸರಿಟ್ಟು ಕ್ಲೌಡ್ ಮೇಲೆ ನಡೆಯೋ ಹೊಸದೊಂದನ್ನ ತಂತು, ಅದಕ್ಕೆ ಈಗ ಬರೀ ಲೈಟ್‌ರೂಮ್ ಅಂತ ಹೆಸರು. ಕ್ಲಾಸಿಕ್‌ನಲ್ಲಿ ಫೋಟೋ ನಿಮ್ಮ ಡಿಸ್ಕಲ್ಲಿ ನೀವಿಟ್ಟ ಫೋಲ್ಡರಲ್ಲೇ ಇರುತ್ತೆ, ಸಾಫ್ಟ್‌ವೇರ್ ಅದನ್ನ ಮುಟ್ಟಲ್ಲ, ನೀವು ಮಾಡಿದ ಎಡಿಟ್ ಮಾತ್ರ ಕ್ಯಾಟಲಾಗ್ ಅನ್ನೋ ಒಂದು ಫೈಲಲ್ಲಿ ಬರ್ಕೊಳ್ಳುತ್ತೆ. ಇನ್ನೊಂದರಲ್ಲಿ ಒರಿಜಿನಲ್ ಫೋಟೋನೂ ಎಡಿಟೂ ಎರಡೂ ಕ್ಲೌಡಿಗೆ ಹೋಗುತ್ತೆ, ಫೋನು ಲ್ಯಾಪ್‌ಟಾಪು ಟ್ಯಾಬು ಎಲ್ಲಿ ತೆಗೆದ್ರೂ ಅದೇ ಕಾಣುತ್ತೆ.

ಈಗ ನನ್ನ ಕಥೆ. ಆರೇಳು ವರ್ಷ ನಾನು ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇಟ್ಕೊಂಡು ಕ್ಲಾಸಿಕ್‌ನಲ್ಲಿ ಕೆಲಸ ಮಾಡ್ತಿದ್ದೆ, ಫೋಟೋನೂ ಅದರಲ್ಲೇ ಕ್ಯಾಟಲಾಗೂ ಅದರಲ್ಲೇ, ಎಲ್ಲಿಗೆ ಹೋದ್ರೂ ಒಂದು ಡಿಸ್ಕ್ ತಗೊಂಡು ಹೋದ್ರೆ ಸಾಕು ಅಂತ. ಫೋಟೋ ಫೋಲ್ಡರ್‌ಗಳನ್ನ ಆಗಾಗ ಇನ್ನೊಂದು ಡಿಸ್ಕಿಗೆ ಕಾಪಿ ಮಾಡ್ತಿದ್ದೆ. ಕ್ಲಾಸಿಕ್ ಮುಚ್ಚುವಾಗ ಬ್ಯಾಕಪ್ ಮಾಡ್ಲಾ ಅಂತ ಕೇಳುತ್ತಲ್ಲ, ಅದಕ್ಕೂ ತಪ್ಪದೆ ಹೂಂ ಅಂತಿದ್ದೆ. ಒಂದಿನ ಡಿಸ್ಕ್ ಹಾಕ್ದೆ, ಒಳಗಿಂದ ಟಕ್ ಟಕ್ ಟಕ್ ಅಂತ ಸಣ್ಣ ಶಬ್ದ, ಒಂದು ಕ್ಷಣ ನಿಂತು ಮತ್ತೆ ಟಕ್ ಟಕ್, ಕಂಪ್ಯೂಟರಲ್ಲಿ ಏನೂ ಕಾಣ್ತಿಲ್ಲ. ಕೇಬಲ್ ಬದಲಾಯಿಸ್ದೆ, ಬೇರೆ ಪೋರ್ಟಿಗೆ ಹಾಕ್ದೆ, ಅಷ್ಟೇ. ಪರವಾಗಿಲ್ಲ ಇನ್ನೊಂದು ಕಾಪಿ ಇದೆಯಲ್ಲ ಅಂತ ಆ ಡಿಸ್ಕ್ ತೆಗೆದು ನೋಡಿದಾಗ ಹೊಳೀತು, ಅಲ್ಲಿರೋದು ಬರೀ ರಾ ಫೈಲ್‌ಗಳು, ಅಂದ್ರೆ ಕ್ಯಾಮೆರಾದಿಂದ ಬಂದ ಹಾಗೇ ಇರೋ, ಎಡಿಟ್ ಇಲ್ಲದ ಫೈಲ್‌ಗಳು. ಕ್ಲಾಸಿಕ್ ತಾನಾಗೇ ಮಾಡೋ ಬ್ಯಾಕಪ್ಪಲ್ಲಿ ಫೋಟೋ ಇರಲ್ಲ, ಕ್ಯಾಟಲಾಗ್ ಮಾತ್ರ ಇರುತ್ತೆ, ಮತ್ತೆ ನಾವು ಬೇರೆ ಜಾಗ ತೋರಿಸ್ದೆ ಇದ್ರೆ ಅದು ಹೋಗಿ ಕೂರೋದು ಕ್ಯಾಟಲಾಗ್ ಇರೋ ಅದೇ ಡಿಸ್ಕಲ್ಲಿ. ಸತ್ತ ಡಿಸ್ಕಿನ ಜೊತೆ ಅದರ ಬ್ಯಾಕಪ್ಪೂ ಹೋಯ್ತು.

ಅಜ್ಜಿದೊಂದು ಫೋಟೋ ಇತ್ತು. ಕಿಟಕಿ ಪಕ್ಕ ಕೂತು ಸೆರಗಿನ ತುದೀಲಿ ಕನ್ನಡಕ ಒರೆಸ್ತಿರೋದು, ಹಿಂದಿಂದ ಬೆಳಕು, ಮುಖ ಪೂರ್ತಿ ಕತ್ತಲು. ಅದನ್ನ ಕೂತು ಮುಖಕ್ಕೆ ಮಾತ್ರ ಎಡಿಟ್ ತಾಗೋ ಹಾಗೆ ಮಾಸ್ಕ್ ಹಾಕಿ ಶ್ಯಾಡೋ (ಕತ್ತಲಿನ ಭಾಗ) ಎತ್ತಿ, ಕಿಟಕಿ ಕಡೆ ಹೈಲೈಟ್ ಇಳಿಸಿ, ಚರ್ಮದ ಬಣ್ಣ ಸರಿಹೋಗೋವರೆಗೂ ವೈಟ್ ಬ್ಯಾಲೆನ್ಸ್ ಹಿಂದೆ ಮುಂದೆ ಮಾಡಿ ಮಾಡಿ ಒಂದು ಸಂಜೆ ಪೂರ್ತಿ ಕಳೆದಿದ್ದೆ. ಬ್ಯಾಕಪ್ ಡಿಸ್ಕಿಂದ ಆ ರಾ ಫೈಲ್ ತೆಗೆದಾಗ ಮತ್ತೆ ಅದೇ ಕತ್ತಲು ಮುಖ. ಫೋಟೋ ಉಳ್ದಿತ್ತು, ಕೆಲಸ ಹೋಗಿತ್ತು. ಅದರ ಜೊತೆ ಸಾವಿರಾರು ಫೋಟೋಗೆ ಕೊಟ್ಟ ಸ್ಟಾರ್, ಕೀವರ್ಡ್, ಕಲೆಕ್ಷನ್ ಅಂತ ಮಾಡ್ಕೊಂಡಿದ್ದ ಗುಂಪುಗಳು ಎಲ್ಲಾನೂ.

ಆ ಬೇಜಾರಲ್ಲಿ ಇನ್ನು ಡಿಸ್ಕ್ ಸಹವಾಸನೇ ಬೇಡ ಅಂತ 1 ಟಿಬಿ ಪ್ಲಾನ್ ತಗೊಂಡು ಪೂರ್ತಿ ಕ್ಲೌಡಿಗೆ ಹೋದೆ. ಲೆಕ್ಕ ಹಾಕದೆ ಹೋದೆ, ನೀವು ಹಾಕಿ. ನನ್ನ 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ ಸುಮಾರು 30 ಎಂಬಿ, 1 ಟಿಬಿಗೆ ಹಿಡಿಯೋದು 33 ಸಾವಿರದಷ್ಟು. ಹಕ್ಕಿ ಫೋಟೋ ತೆಗೆಯೋವ್ರಿಗೆ ಗೊತ್ತು, ಒಂದು ಬೆಳಿಗ್ಗೆಗೆ ಸಾವಿರ ಫ್ರೇಮ್ ಹೊಡೆಯೋದು ದೊಡ್ಡ ವಿಷಯ ಅಲ್ಲ. ಆ ಸಾವಿರ ಫ್ರೇಮ್ ಅಂದ್ರೆ 30 ಜಿಬಿ, ನನ್ನ ಲೈನ್‌ನ ಅಪ್ಲೋಡ್ 10 ಎಂಬಿಪಿಎಸ್, ಅಂದ್ರೆ ಸೆಕೆಂಡಿಗೆ 1.25 ಎಂಬಿ, ಎಲ್ಲಾ ಸರಿಯಾಗಿ ನಡೆದ್ರೂ 6 ಗಂಟೆ 40 ನಿಮಿಷ. ಅದೇ 30 ಜಿಬಿ ಮಾಮೂಲಿ ಎಕ್ಸ್‌ಟರ್ನಲ್ ಡಿಸ್ಕಿಗೆ ಸೆಕೆಂಡಿಗೆ 120 ಎಂಬಿ ಲೆಕ್ಕದಲ್ಲಿ ನಾಲ್ಕೂ ಕಾಲು ನಿಮಿಷದಲ್ಲಿ ಮುಗಿಯುತ್ತೆ. ಜನ ಇಂಟರ್ನೆಟ್ ಸ್ಪೀಡ್ ಅಂದಾಗ ಡೌನ್ಲೋಡ್ ನೋಡ್ತಾರೆ, ಕ್ಲೌಡ್ ಫೋಟೋಗೆ ಬೇಕಿರೋದು ಅಪ್ಲೋಡ್, ಪ್ಲಾನ್ ತಗೊಳ್ಳೋ ಮುಂಚೆ ಅದೊಂದನ್ನ ಚೆಕ್ ಮಾಡ್ಕೊಳ್ಳಿ.

ಆದ್ರೂ ಕ್ಲೌಡಲ್ಲಿ ಖುಷಿ ಕೊಟ್ಟಿದ್ದು ಏನು ಅಂತನೂ ಹೇಳ್ಬೇಕು. ಬಸ್ಸಲ್ಲಿ ಕೂತು ಫೋನಲ್ಲಿ ಒಂದೊಂದೇ ಫೋಟೋ ಸರಿಸ್ತಾ ಇದು ಇರ್ಲಿ ಇದು ಬೇಡ ಅಂತ ಆರಿಸೋದು, ಮನೆಗೆ ಬಂದು ಲ್ಯಾಪ್‌ಟಾಪ್ ತೆಗೆಯೋಷ್ಟರಲ್ಲಿ ಅದೆಲ್ಲಾ ಅಲ್ಲಿ ಬಂದು ಕೂತಿರೋದು, ಇದನ್ನ ಒಂದ್ಸಲ ಅಭ್ಯಾಸ ಮಾಡ್ಕೊಂಡ್ರೆ ಬಿಡೋಕಾಗಲ್ಲ. ಸಾವಿರ ಫ್ರೇಮಲ್ಲಿ 40 ಆರಿಸೋ ಕೆಲಸಕ್ಕೆ ಫೋನಷ್ಟು ಒಳ್ಳೇದು ಬೇರೆ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಆದ್ರೆ ಅಲ್ಲೇ ಇನ್ನೊಂದು ಪಾಠನೂ ಆಯ್ತು. ಒಂದು ಆಲ್ಬಂ ಚೊಕ್ಕ ಮಾಡ್ತಾ ಸುಮಾರು 200 ಫೋಟೋ ಸೆಲೆಕ್ಟ್ ಮಾಡಿ ಆಲ್ಬಂನಿಂದ ಮಾತ್ರ ತೆಗೆಯೋ ಬದಲು ಡಿಲೀಟ್ ಒತ್ತಿದೆ. ಫೋನಲ್ಲಿ ಹೋದದ್ದು ಲ್ಯಾಪ್‌ಟಾಪಲ್ಲೂ ಹೋಯ್ತು, ವೆಬ್ಬಲ್ಲೂ ಹೋಯ್ತು, ಯಾಕಂದ್ರೆ ಸಿಂಕ್ ಅಂದ್ರೆ ಅದೇ ತಾನೆ. ಡಿಲೀಟ್ ಆಗಿದ್ದು 60 ದಿನ ಡಿಲೀಟೆಡ್ ಅನ್ನೋ ಜಾಗದಲ್ಲಿ ಇರುತ್ತೆ, ಮೂರು ವಾರ ಬಿಟ್ಟು ಗಮನಕ್ಕೆ ಬಂದಿದ್ರಿಂದ ಎಲ್ಲಾ ವಾಪಸ್ ಸಿಕ್ತು, ಮೂರು ತಿಂಗಳು ಬಿಟ್ಟು ನೋಡಿದ್ರೆ ಸಿಗ್ತಿರ್ಲಿಲ್ಲ. ಸಿಂಕ್ ಬೇರೆ, ಬ್ಯಾಕಪ್ ಬೇರೆ. ಸಿಂಕ್ ನಿಮ್ಮ ತಪ್ಪನ್ನೂ ಅಷ್ಟೇ ನಿಯತ್ತಾಗಿ ಎಲ್ಲಾ ಕಡೆಗೂ ತಲುಪಿಸುತ್ತೆ. 2020ರ ಆಗಸ್ಟಲ್ಲಿ ಐಫೋನ್ ಐಪ್ಯಾಡ್‌ಗೆ ಲೈಟ್‌ರೂಮ್ 5.4 ಅಪ್ಡೇಟ್ ಬಂದಾಗ ಇನ್ನೂ ಕ್ಲೌಡಿಗೆ ಹೋಗದೆ ಬರೀ ಫೋನಲ್ಲೇ ಇದ್ದ ಕೆಲವರ ಫೋಟೋ, ಪ್ರಿಸೆಟ್ (ಮತ್ತೆ ಮತ್ತೆ ಬಳಸೋಕೆ ಉಳಿಸಿಟ್ಟ ಎಡಿಟ್ ಸೆಟ್ಟಿಂಗ್) ಅಳಿಸಿಹೋಗಿ ಅದನ್ನ ವಾಪಸ್ ತರೋಕಾಗಲ್ಲ ಅಂತ ಅಡೋಬಿನೇ ಹೇಳಿತ್ತು. ಹಾಗಾಗಿ ಅಪ್ಲೋಡ್ ಆಗ್ತಾ ಇದೆ ಅನ್ನೋದನ್ನ ಅಪ್ಲೋಡ್ ಆಯ್ತು ಅಂತ ತಿಳ್ಕೋಬೇಡಿ, ಪೂರ್ತಿ ಸಿಂಕ್ ಆಗೋವರೆಗೂ ಕ್ಯಾಮೆರಾ ಕಾರ್ಡ್ ಫಾರ್ಮ್ಯಾಟ್ ಮಾಡ್ಬೇಡಿ.

1 ಟಿಬಿ ತುಂಬ್ತಾ ಬಂತು, ಜಾಸ್ತಿ ಜಾಗ ಬೇಕಂದ್ರೆ ತಿಂಗಳ ಬಾಡಿಗೆನೂ ಜಾಸ್ತಿ. ಆಗ ಕೂತು ಯೋಚ್ನೆ ಮಾಡ್ದಾಗ ಅನ್ಸಿದ್ದು, ಕ್ಲೌಡಾ ಡಿಸ್ಕಾ ಅಂತ ನಾನು ಕೇಳ್ಕೊಳ್ತಿದ್ದ ಪ್ರಶ್ನೆನೇ ಸರಿ ಇರ್ಲಿಲ್ಲ. ಕೇಳ್ಬೇಕಿದ್ದದ್ದು ಎರಡು: ಡಿಸ್ಕ್ ಸತ್ತ ದಿನ ನನ್ನ ಹತ್ರ ಏನು ಉಳಿಯುತ್ತೆ, ಮತ್ತೆ ದುಡ್ಡು ಕಟ್ಟೋದು ನಿಲ್ಲಿಸಿದ ದಿನ ಏನು ಉಳಿಯುತ್ತೆ. ಈ ಎರಡನ್ನೂ ಒರಿಜಿನಲ್‌ಗೆ ಒಂದ್ಸಲ, ಎಡಿಟಿಗೆ ಒಂದ್ಸಲ ಬೇರೆ ಬೇರೆಯಾಗಿ ಕೇಳ್ಬೇಕು.

ದುಡ್ಡು ನಿಲ್ಲಿಸಿದ್ರೆ ಕ್ಲಾಸಿಕ್ ಪೂರ್ತಿ ಮುಚ್ಚಲ್ಲ. ಎಡಿಟ್ ಮಾಡೋ ಡೆವಲಪ್, ಫೋಟೋ ತೆಗೆದ ಜಾಗ ತೋರಿಸೋ ಮ್ಯಾಪ್ ಅನ್ನೋ ಎರಡು ಮಾಡ್ಯೂಲ್ (ವಿಭಾಗ) ಬಂದ್ ಆಗುತ್ತೆ, ಫೋನ್ ಸಿಂಕ್ ನಿಲ್ಲುತ್ತೆ, ಆದ್ರೆ ಕ್ಯಾಟಲಾಗ್ ತೆಗೀಬೋದು, ಹುಡುಕ್ಬೋದು, ಎಡಿಟ್ ಆಗಿರೋ ಫೋಟೋನ ಎಕ್ಸ್‌ಪೋರ್ಟ್ ಮಾಡ್ಬೋದು. ಕ್ಲೌಡಲ್ಲಿದ್ರೆ ಒರಿಜಿನಲ್‌ಗಳನ್ನ ಒಂದು ವರ್ಷ ಇಟ್ಟಿರ್ತೀವಿ, ಅಷ್ಟರಲ್ಲಿ ಇಳಿಸ್ಕೊಳ್ಳಿ ಅಂತ ಅಡೋಬಿ ಹೇಳುತ್ತೆ. 1 ಟಿಬಿ ಇಳಿಸ್ಕೊಳ್ಳೋದು ಎಷ್ಟು ದಿನದ ಕೆಲಸ ಅಂತ ನಿಮ್ಮ ಲೈನ್ ನೋಡಿ ನೀವೇ ಲೆಕ್ಕ ಹಾಕ್ಕೊಳ್ಳಿ. ನನಗೆ ಈ ವಿಷಯದಲ್ಲಿ ಕ್ಲಾಸಿಕ್ಕೇ ವಾಸಿ ಅನ್ನಿಸ್ತು, ಫೋಟೋಗಳು ಹೇಗೂ ನನ್ನ ಡಿಸ್ಕಲ್ಲೇ ಇರ್ತಾವೆ, ಯಾರನ್ನೂ ಕೇಳಿ ಇಳಿಸ್ಕೋಬೇಕಿಲ್ಲ.

ಉಳಿದಿದ್ದು ಎಡಿಟ್. ಇಲ್ಲಿ ನಾನು ಮೊದಲೇ ಮಾಡ್ಬೇಕಿದ್ದ ಒಂದು ಟಿಕ್ ಇದೆ, ಕ್ಯಾಟಲಾಗ್ ಸೆಟ್ಟಿಂಗ್ಸ್ ಒಳಗೆ ಮೆಟಾಡೇಟಾ ಅಂತ ಇರೋ ಕಡೆ ಬದಲಾವಣೆಗಳನ್ನ ತಾನಾಗೇ ಎಕ್ಸ್‌ಎಂಪಿಗೆ ಬರಿ ಅನ್ನೋದು. ಅದನ್ನ ಆನ್ ಮಾಡಿದ್ರೆ ಪ್ರತಿ ರಾ ಫೈಲ್ ಪಕ್ಕ ಅದೇ ಹೆಸರಿನ ಒಂದು ಪುಟ್ಟ ಎಕ್ಸ್‌ಎಂಪಿ ಫೈಲ್ ಬರುತ್ತೆ, ಸ್ಲೈಡರ್ ಎಲ್ಲೆಲ್ಲಿದೆ, ಸ್ಟಾರ್ ಎಷ್ಟು, ಕೀವರ್ಡ್ ಏನು ಎಲ್ಲಾ ಅದರಲ್ಲಿ ಇರುತ್ತೆ. ಡಿಎನ್‌ಜಿ (ಅಡೋಬಿಯದೇ ಥರದ ರಾ ಫೈಲ್) ಆದ್ರೆ ಫೈಲ್ ಒಳಗೇ ಬರೆಯುತ್ತೆ. ಆನ್ ಇಲ್ದೆ ಇದ್ರೂ ಫೋಟೋ ಸೆಲೆಕ್ಟ್ ಮಾಡಿ ಕಂಟ್ರೋಲ್ ಎಸ್ ಒತ್ತಿದ್ರೆ ಆಗುತ್ತೆ. ಅಂದ್ರೆ ಫೋಲ್ಡರ್ ಕಾಪಿ ಮಾಡಿದ್ರೆ ಫೋಟೋ ಜೊತೆ ಕೆಲಸಾನೂ ಕಾಪಿ ಆಗುತ್ತೆ. ಅಜ್ಜಿ ಫೋಟೋ ಪಕ್ಕ ಇಂಥದ್ದೊಂದು ಫೈಲ್ ಇದ್ದಿದ್ರೆ ಸಾಕಿತ್ತು. ಆದ್ರೆ ವರ್ಚುಯಲ್ ಕಾಪಿ (ಅದೇ ಫೋಟೋದ ಇನ್ನೊಂದು ಎಡಿಟ್), ಕಲೆಕ್ಷನ್ ಇವೆಲ್ಲಾ ಎಕ್ಸ್‌ಎಂಪಿಗೆ ಹೋಗಲ್ಲ, ಕ್ಯಾಟಲಾಗಲ್ಲಿ ಮಾತ್ರ ಇರುತ್ತೆ, ಹಾಗಾಗಿ ಕ್ಯಾಟಲಾಗ್ ಬ್ಯಾಕಪ್ ಬೇಡ ಅಂತ ಅಲ್ಲ. ಮತ್ತೆ ಬೇರೆ ಕಂಪ್ನಿ ಸಾಫ್ಟ್‌ವೇರ್ ಈ ಎಕ್ಸ್‌ಎಂಪಿಯಿಂದ ಸ್ಟಾರ್, ಕೀವರ್ಡ್ ಓದ್ಕೊಳ್ಬೋದು, ಸ್ಲೈಡರ್‌ಗಳನ್ನ ಹಾಗೇ ತಗೊಳ್ಳುತ್ತೆ ಅಂತ ನೆಚ್ಕೋಬೇಡಿ. ಅದಕ್ಕೇ ನನಗೆ ಮುಖ್ಯ ಅನ್ಸಿದ ಫೋಟೋಗಳಿಗೆ ಎಡಿಟ್ ಮುಗಿದ ಮೇಲೆ ಪೂರ್ತಿ ಸೈಜಿನ ಒಂದು ಜೆಪೆಗ್ ತೆಗೆದಿಡ್ತೀನಿ.

ಈಗ ನಡೀತಿರೋ ವ್ಯವಸ್ಥೆ ಹೀಗೆ. ಕ್ಯಾಟಲಾಗ್ ಮತ್ತೆ ಈ ವರ್ಷದ ಫೋಟೋ ಎಸ್‌ಎಸ್‌ಡಿಯಲ್ಲಿ, ಹಳೇದೆಲ್ಲಾ ದೊಡ್ಡ ಹಾರ್ಡ್ ಡಿಸ್ಕಲ್ಲಿ. ಕ್ಯಾಟಲಾಗ್ ಬ್ಯಾಕಪ್ ಜಾಗ ಬದಲಾಯಿಸಿ ಬೇರೆ ಡಿಸ್ಕಿಗೆ ತೋರಿಸಿದೀನಿ. ಕೈಯಲ್ಲಿ ಕಾಪಿ ಮಾಡೋರು ಗಮನಿಸಿ, 2021ರ ವರ್ಷನ್ 11ರಿಂದ ಮಾಸ್ಕ್‌ಗಳ ಡೇಟಾ ಕ್ಯಾಟಲಾಗ್ ಪಕ್ಕ ಬೇರೆ ಒಂದು ಫೈಲಲ್ಲಿ ಇರುತ್ತೆ, ಹೆಸರಿನ ಕೊನೇಲಿ ಡೇಟಾ ಅಂತ ಇರುತ್ತೆ, ಅದನ್ನ ಬಿಟ್ಟು ಬಂದ್ರೆ ಮಾಸ್ಕ್ ಬರಲ್ಲ. ಎಲ್ಲದರ ಇನ್ನೊಂದು ಕಾಪಿ ಮನೇಲೇ, ಮೂರನೇದು ಅಕ್ಕನ ಮನೇಲಿ, ತಿಂಗಳಿಗೊಮ್ಮೆ ಹೋದಾಗ ಡಿಸ್ಕ್ ಅದಲುಬದಲು ಮಾಡ್ಕೊಂಡು ಬರ್ತೀನಿ. 3 ಕಾಪಿ, 2 ಥರದ ಮೀಡಿಯಾ, 1 ಬೇರೆ ಜಾಗದಲ್ಲಿ ಅನ್ನೋ ನಿಯಮ ಫೋಟೋಗ್ರಾಫರ್‌ಗಳ ಲೋಕದಿಂದಲೇ ಬಂದಿದ್ದು, ಪೀಟರ್ ಕ್ರೋ ಅನ್ನೋ ಫೋಟೋಗ್ರಾಫರ್ ಹೇಳಿದ್ದು. ಸದ್ಯ ಅದಕ್ಕಿಂತ ಒಳ್ಳೇದು ನನಗೆ ಕಂಡಿಲ್ಲ.

ಫೋನಲ್ಲಿ ಆರಿಸೋ ಸುಖ ಬಿಟ್ಟಿಲ್ಲ. ಕ್ಲಾಸಿಕ್‌ನಲ್ಲಿ ಒಂದು ಕಲೆಕ್ಷನ್ ಮಾಡಿ ಅದಕ್ಕೆ ಸಿಂಕ್ ಆನ್ ಮಾಡಿದ್ರೆ ಮೇಲಕ್ಕೆ ಹೋಗೋದು ಒರಿಜಿನಲ್ ಅಲ್ಲ, ಸ್ಮಾರ್ಟ್ ಪ್ರಿವ್ಯೂ, ಉದ್ದದ ಕಡೆ 2560 ಪಿಕ್ಸೆಲ್ ಇರೋ ಸಣ್ಣ ಡಿಎನ್‌ಜಿ. ಅದು ಕ್ಲೌಡ್ ಜಾಗದ ಲೆಕ್ಕಕ್ಕೇ ಬರಲ್ಲ. ಫೋನಲ್ಲಿ ಸ್ಟಾರ್ ಕೊಟ್ರೆ, ಎಡಿಟ್ ಮಾಡಿದ್ರೆ ಕ್ಲಾಸಿಕ್‌ಗೆ ಬಂದು ಒರಿಜಿನಲ್ ಮೇಲೆ ಕೂರುತ್ತೆ. ಇದು ತುಂಬಾ ಜನಕ್ಕೆ ಗೊತ್ತಿಲ್ಲ, ಕ್ಲೌಡ್ ಬೇಕು ಅನ್ನೋರಲ್ಲಿ ಅರ್ಧ ಜನಕ್ಕೆ ಇದೇ ಸಾಕು. ಒಂದೇ ನೆನಪಿಡಿ, ಈ ಸ್ಮಾರ್ಟ್ ಪ್ರಿವ್ಯೂ ನಿಮ್ಮ ಬ್ಯಾಕಪ್ ಅಲ್ಲ, ಒರಿಜಿನಲ್ ಹೋದ್ರೆ ಅದರಿಂದ ಪೂರ್ತಿ ಫೋಟೋ ಹುಟ್ಟಲ್ಲ.

ಎಲ್ರೂ ಹೀಗೇ ಮಾಡಿ ಅಂತ ನಾನು ಹೇಳಲ್ಲ. ನನ್ನ ತಂಗಿ ಫೋನಲ್ಲೇ ಫೋಟೋ ತೆಗೆಯೋದು, ವರ್ಷಕ್ಕೆ ಎರಡು ಮೂರು ಸಾವಿರ, ಡಿಸ್ಕ್ ಅದಲುಬದಲು ಮಾಡ್ಕೊಂಡು ಕೂರು ಅಂದ್ರೆ ಅವಳು ಮಾಡಲ್ಲ, ಅವಳಿಗೆ ಕ್ಲೌಡೇ ಸರಿ. ಅವಳ ಲ್ಯಾಪ್‌ಟಾಪಲ್ಲಿ ಲೈಟ್‌ರೂಮ್ ಪ್ರಿಫರೆನ್ಸಸ್ ಒಳಗೆ ಎಲ್ಲಾ ಒರಿಜಿನಲ್‌ಗಳ ಕಾಪಿ ಈ ಜಾಗದಲ್ಲೂ ಇಡು ಅನ್ನೋದನ್ನ ಆನ್ ಮಾಡಿ ಒಂದು ಎಕ್ಸ್‌ಟರ್ನಲ್ ಡಿಸ್ಕ್ ತೋರಿಸಿಕೊಟ್ಟೆ, ಡಿಸ್ಕ್ ಹಾಕಿಟ್ರೆ ತಾನಾಗೇ ಇಳಿಯುತ್ತೆ. 2023ರ ಅಕ್ಟೋಬರಲ್ಲಿ ಬಂದ ವರ್ಷನ್‌ನಿಂದ ಆ ಲೈಟ್‌ರೂಮಲ್ಲೇ ಲೋಕಲ್ ಅಂತ ಟ್ಯಾಬ್ ಇದೆ, ಕ್ಲೌಡಿಗೆ ಹಾಕದೆ ಡಿಸ್ಕಲ್ಲಿರೋ ಫೋಟೋನ ನೇರವಾಗಿ ಎಡಿಟ್ ಮಾಡ್ಬೋದು, ಕ್ಯಾಟಲಾಗ್ ತಲೆನೋವಿಲ್ಲ. ಹೊಸದಾಗಿ ಶುರು ಮಾಡೋರು ಅಲ್ಲಿಂದನೇ ಶುರು ಮಾಡಿದ್ರೂ ತಪ್ಪಿಲ್ಲ.

ನಾನು ವರ್ಷಕ್ಕೊಂದ್ಸಲ ಇನ್ನೊಂದು ಕೆಲಸ ಮಾಡ್ತೀನಿ, ಅಕ್ಕನ ಮನೆ ಡಿಸ್ಕನ್ನ ಬೇರೆ ಯಾವುದಾದ್ರೂ ಲ್ಯಾಪ್‌ಟಾಪಿಗೆ ಹಾಕಿ ಅಲ್ಲಿರೋ ಬ್ಯಾಕಪ್ ಕ್ಯಾಟಲಾಗ್ ತೆಗೆದು ನೋಡ್ತೀನಿ. ಮೊದಲ ಸಲ ಫೋಲ್ಡರ್ ಎಲ್ಲದರ ಮೇಲೂ ಪ್ರಶ್ನೆ ಗುರುತು ಇರುತ್ತೆ, ಡ್ರೈವ್ ಲೆಟರ್ ಬದಲಾಗಿರೋದಕ್ಕೆ, ಮೇಲಿನ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಎಲ್ಲಿದೆ ಅಂತ ತೋರಿಸಿದ್ರೆ ಕೆಳಗಿನದೆಲ್ಲಾ ಸರಿ ಹೋಗುತ್ತೆ. ಆಮೇಲೆ ಅಜ್ಜಿ ಫೋಟೋ ಹುಡುಕ್ತೀನಿ. ಡಿಸ್ಕ್ ಹೋದ್ಮೇಲೆ ಅದನ್ನ ಮತ್ತೆ ಕೂತು ಮಾಡ್ದೆ, ಮೊದಲಿನಷ್ಟು ಬಂತೋ ಇಲ್ವೋ ಹೇಳೋಕಾಗಲ್ಲ, ಹೋಲಿಸಿ ನೋಡೋಕೆ ಹಳೇದು ಇಲ್ವಲ್ಲ. ಡೆವಲಪ್‌ಗೆ ಹೋಗಿ ಮುಖದ ಮೇಲಿನ ಮಾಸ್ಕ್ ಒತ್ತಿ ನೋಡ್ತೀನಿ, ಶ್ಯಾಡೋ ಸ್ಲೈಡರ್ ನಾನು ಬಿಟ್ಟ ಜಾಗದಲ್ಲೇ ಇದ್ರೆ ಡಿಸ್ಕ್ ವಾಪಸ್ ಅಕ್ಕನ ಮನೆಗೆ.