ಚಿಕ್ಕ ಮಕ್ಕಳನ್ನ ಕರ್ಕೊಂಡು ಕುದುರೆಮುಖಕ್ಕೆ ಒಂದಿನ ಹೋಗ್ಬರೋರಿಗೆ

ಚಿಕ್ಕಮಗಳೂರು ಹಾಸನದ ಕಡೆಯೋರು ಕುದುರೆಮುಖಕ್ಕೆ ಹೊರಟ್ರೆ ಮೊದಲು ಕೇಳೋದು ಅಲ್ಲಿ ಏನೇನ್ ನೋಡ್ಬೋದು ಅಂತ. ಜೊತೇಲಿ ಪುಟ್ಟ ಮಕ್ಕಳಿದ್ರೆ ಅದನ್ನ ಆಮೇಲೆ ಕೇಳಿ, ಮೊದಲು ಗಾಡಿ ಎಲ್ಲಿ ನಿಲ್ಸ್ಬೋದು ಎಲ್ಲಿ ನಿಲ್ಸಂಗಿಲ್ಲ ತಿಳ್ಕೊಳ್ಳಿ. 1987ರಿಂದ ಇದು ರಾಷ್ಟ್ರೀಯ ಉದ್ಯಾನ, ಸುಮಾರು 600 ಚದರ ಕಿಲೋಮೀಟರ್ ಕಾಡು, ಅದರ ನಡುವೆನೇ ಕಾರ್ಕಳದ ಕಡೆ ರೋಡ್ ಹೋಗುತ್ತೆ, ಚೆಕ್‌ಪೋಸ್ಟಲ್ಲಿ ಟೈಮ್ ಹಾಕಿ ಚೀಟಿ ಕೊಡ್ತಾರೆ, ಸುಮ್ನೆ ಎಲ್ಲಂದ್ರಲ್ಲಿ ನಿಲ್ಸಿ ಜಮಖಾನ ಹಾಸ್ಕೊಂಡು ಊಟಕ್ಕೆ ಕೂರಂಗಿಲ್ಲ. ಹಂಗಾಗಿ ತಿಂಡಿ, ಟಾಯ್ಲೆಟ್, ಡಯಾಪರ್ ಬದಲಾಯಿಸೋದು, ಪೆಟ್ರೋಲ್ ಎಲ್ಲಾ ಕಳಸದಲ್ಲೇ ಮುಗಿಸ್ಕೊಂಡು ಮುಂದೆ ಹೋಗಿ. ಕಳಸದಿಂದ ಕುದುರೆಮುಖ 20 ಕಿಲೋಮೀಟರ್ ಆಸುಪಾಸು ಅಷ್ಟೇ, ಆದ್ರೆ ದಾರೀಲಿ ನೆಟ್‌ವರ್ಕ್ ನಂಬ್ಕೊಂಡು ಹೋಗ್ಬೇಡಿ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡ್ಕೊಳ್ಳಿ.

ಚಿಕ್ಕಮಗಳೂರಿಂದ ನೂರು ಕಿಲೋಮೀಟರ್ ಹತ್ತತ್ರ ಬರುತ್ತೆ, ಹಾಸನದೋರು ಬೇಲೂರು ಮೂಡಿಗೆರೆ ಮೇಲೆ ಬರ್ಬೇಕು. ತಿರುವು ಜಾಸ್ತಿ, ಮಕ್ಕಳು ಇದ್ರೆ ಮೂರು ಗಂಟೆಗಿಂತ ಕಮ್ಮಿ ಲೆಕ್ಕ ಹಾಕ್ಲೇಬೇಡಿ. ಬೆಳಿಗ್ಗೆ ಆರಕ್ಕೆ ಹೊರಡಿ. ಹೊರಡೋ ಮುಂಚೆ ಲೋಟ ತುಂಬಾ ಹಾಲು ಕುಡಿಸೋದು ನಮ್ ಮನೆಗಳಲ್ಲಿ ಅಭ್ಯಾಸ, ಅದೊಂದಿನ ಬೇಡ, ಕೊಟ್ಟಿಗೆಹಾರ ದಾಟೋದ್ರಲ್ಲಿ ಅಷ್ಟೂ ವಾಪಸ್ ಬರುತ್ತೆ. ಒಂದು ಇಡ್ಲಿ ಇಲ್ಲಾ ಒಣ ಚಪಾತಿ ಸಾಕು, ಆಮೇಲೆ ಕೊಟ್ಟಿಗೆಹಾರದಲ್ಲಿ ನಿಲ್ಸಿ ನೀರ್ ದೋಸೆ ತಿನ್ಸಿ, ಅಲ್ಲಿನ ನೀರ್ ದೋಸೆ ಫೇಮಸ್ಸು, ಮಕ್ಕಳ ಹೊಟ್ಟೆಗೂ ಹಗುರ. ವಾಂತಿ ಮಾತ್ರೆ ಕೊಡೋದಾದ್ರೆ ಮಕ್ಕಳ ಡಾಕ್ಟರ್ ಹತ್ರ ಕೇಳಿನೇ ಕೊಡಿ, ದೊಡ್ಡೋರ ಮಾತ್ರೆ ಅರ್ಧ ಮಾಡಿ ಕೊಡೋದೆಲ್ಲಾ ಬೇಡ. ನಿಂಬೆಹಣ್ಣು, ಕವರ್‌ಗಳು, ಇನ್ನೊಂದು ಜೊತೆ ಬಟ್ಟೆ ಕಾಲ ಹತ್ರನೇ ಇರ್ಲಿ, ಡಿಕ್ಕಿಲಿ ಅಲ್ಲ.

ಯಾವಾಗ ಹೋಗ್ಬೇಕು ಅಂದ್ರೆ ಅಕ್ಟೋಬರ್ ಕೊನೆಯಿಂದ ಡಿಸೆಂಬರ್. ಮಳೆಗಾಲದಲ್ಲಿ ಚೆಂದ ಹೌದು, ಆದ್ರೆ ಮರ ಬೀಳೋದು ಗುಡ್ಡ ಜರಿಯೋದು ಎಲ್ಲಾ ಇರುತ್ತೆ, ಮಕ್ಕಳನ್ನ ಹಿಂದಿನ ಸೀಟಲ್ಲಿ ಇಟ್ಕೊಂಡು ಆ ರಿಸ್ಕ್ ಯಾಕೆ ಹೇಳಿ.

ಕುದುರೆಮುಖ ಪೀಕ್ ಚಾರಣ ಈ ವಯಸ್ಸಿಗಲ್ಲ, ಹೋಗ್ಬರೋಕೇ 20 ಕಿಲೋಮೀಟರ್. ಎಸ್.ಕೆ. ಬಾರ್ಡರ್, ಅಂದ್ರೆ ಹಳೇ ಸೌತ್ ಕೆನರಾ ಜಿಲ್ಲೆ ಗಡಿ, ಆ ಕಡೆ ಹೋಗ್ತಾ ಕಡಾಂಬಿ ಫಾಲ್ಸ್ ರೋಡ್ ಪಕ್ಕನೇ ಸಿಗುತ್ತೆ, ಎರಡು ವರ್ಷದ ಮಗುನ ಎತ್ಕೊಂಡೇ ನೋಡ್ಬೋದು. ಹನುಮಾನ್ ಗುಂಡಿ ಫಾಲ್ಸ್‌ಗೆ ಟಿಕೆಟ್ ಇದೆ, ಮೆಟ್ಟಿಲು ತುಂಬಾ, ಇಳಿಯುವಾಗ ಮಕ್ಕಳು ಓಡ್ತಾರೆ, ಹತ್ತುವಾಗ ಅಪ್ಪನ ಹೆಗಲೇ ಗತಿ, ಹಂಗಾಗಿ ತಾವೇ ಹತ್ತೋ ವಯಸ್ಸಾಗಿದ್ರೆ ಮಾತ್ರ ಇಳಿಸಿ. ನೀರಿನ ಹತ್ರ ಪಾಚಿ ಕಲ್ಲು ಜಾರುತ್ತೆ, ಕೈ ಬಿಡ್ಬೇಡಿ. ಎರಡರಲ್ಲಿ ಒಂದು ಸಾಕು, ಒಂದೇ ದಿನಕ್ಕೆ ಹೊರನಾಡು, ಶೃಂಗೇರಿ ಎಲ್ಲಾ ಸೇರಿಸಿದ್ರೆ ಮಕ್ಕಳಿಗೆ ನೆನಪಿರೋದು ಕಾರಿನ ಸೀಟ್ ಮಾತ್ರ.

ಹುಲಿ ತೋರಿಸ್ತೀನಿ ಅಂತ ಮಾತು ಕೊಡ್ಲೇಬೇಡಿ. ಇಲ್ಲಿ ನೋಡ್ಬೇಕಾದ್ದು ಬೇರೆ. ಗುಡ್ಡದ ಮೈಯೆಲ್ಲಾ ಹುಲ್ಲು, ಮಡಿಕೆ ಮಡಿಕೆಲಿ ಮಾತ್ರ ದಟ್ಟ ಕಾಡು, ಅದೇ ಶೋಲಾ. ಮಳೆ ನೀರನ್ನ ಸ್ಪಂಜ್ ತರ ಹೀರ್ಕೊಂಡು ಬೇಸಿಗೇಲಿ ನಿಧಾನಕ್ಕೆ ಬಿಡುತ್ತೆ, ತುಂಗಾ ಭದ್ರಾ ನೇತ್ರಾವತಿ ಮೂರೂ ಈ ಗುಡ್ಡಗಳಲ್ಲೇ ಹುಟ್ಟೋದು ಅಂತ ಹೇಳಿ, ನಮ್ ಕಡೆ ಮಕ್ಕಳಿಗೆ ಭದ್ರಾ ಹೊಳೆ ಗೊತ್ತಿರೋದ್ರಿಂದ ಥಟ್ ಅಂತ ಅರ್ಥ ಆಗುತ್ತೆ. ಸಿಂಗಳೀಕ ಕಾಣ್ಬೋದು, ಮುಖದ ಸುತ್ತ ಬಿಳಿ ಕೂದಲು ಇರೋ ಕಪ್ಪು ಕೋತಿ, ಪಶ್ಚಿಮ ಘಟ್ಟ ಬಿಟ್ರೆ ಪ್ರಪಂಚದ ಇನ್ಯಾವ ಕಾಡಲ್ಲೂ ಇಲ್ಲ. ದಯವಿಟ್ಟು ಯಾವ ಕೋತಿಗೂ ಬಿಸ್ಕತ್ತು ಬಾಳೆಹಣ್ಣು ಎಸೀಬೇಡಿ, ಎಸೆದಿದ್ದಕ್ಕೆ ಆಸೆಪಟ್ಟು ರೋಡಿಗೆ ಇಳಿಯೋಕೆ ಕಲ್ತು ಗಾಡಿಗೆ ಸಿಕ್ಕಿ ಸಾಯ್ತವೆ. ಸ್ವಲ್ಪ ದೊಡ್ಡ ಮಕ್ಕಳಾದ್ರೆ ಕುದುರೆಮುಖ ಟೌನ್‌ಶಿಪ್‌ನ ಖಾಲಿ ಮನೆಗಳು ಯಾಕೆ ಅಂತ ಕೇಳ್ತಾರೆ, ಇಲ್ಲಿ ಕಬ್ಬಿಣದ ಅದಿರು ತೆಗೀತಿದ್ರು, ಅದನ್ನ ನೀರಲ್ಲಿ ಕಲಸಿ ಪೈಪಲ್ಲೇ ಮಂಗಳೂರಿಗೆ ಕಳಿಸ್ತಿದ್ರು, ಸುಪ್ರೀಂ ಕೋರ್ಟ್ ಆದೇಶದ ಮೇಲೆ 2005ರ ಕೊನೆಗೆ ನಿಂತೋಯ್ತು ಅಂತ ಹೇಳಿ.

ಇನ್ನು ಇಂಬಳ, ಅಂದ್ರೆ ಕಾಡಿನ ಜಿಗಣೆ. ಮಳೆ ಪೂರ್ತಿ ಬಿಡೋತನಕ ಇರುತ್ತೆ. ಎಲೆ ತುದೀಲಿ ನಿಂತು ಮೈ ಚಾಚಿ ಆಕಡೆ ಈಕಡೆ ತಡಕಾಡ್ತಾ, ಆಮೇಲೆ ಬಿಲ್ಲಿನಂಗೆ ಬಗ್ಗಿ ಬಗ್ಗಿ ಶೂ ಮೇಲೆ ಹತ್ತೋದನ್ನ ಮಕ್ಕಳಿಗೆ ನೀವೇ ತೋರಿಸಿ, ಮೊದಲೇ ನೋಡಿದ್ರೆ ಕಿರುಚಲ್ಲ. ಕಚ್ಕೊಂಡ್ರೆ ಎಳೀಬೇಡಿ, ಬಾಯಿ ಇರೋ ಸಣ್ಣ ತುದಿ ಹತ್ರ ಉಗುರು ಸವರಿ ಬಿಡಿಸಿ. ರಕ್ತ ಹೆಪ್ಪುಗಟ್ಟದಂಗೆ ಮಾಡೋ ಅಂಶ ಅದರ ಜೊಲ್ಲಲ್ಲಿದೆ, ಅದಕ್ಕೆ ಸ್ವಲ್ಪ ಹೊತ್ತು ಸೋರುತ್ತೆ, ಹತ್ತಿ ಒತ್ತಿ ಹಿಡಿದ್ರೆ ನಿಲ್ಲುತ್ತೆ.

ಇಂಬಳಕ್ಕಿಂತ ಉಣುಗಿಗೆ (ಉಣ್ಣೆ ಹುಳಕ್ಕೆ) ಹುಷಾರಾಗಿರಿ. ಡಿಸೆಂಬರ್‌ನಿಂದ ಮೇ ತನಕ ಮಲೆನಾಡಲ್ಲಿ ಮಂಗನ ಕಾಯಿಲೆ ಕಾಲ, ಅದು ಹರಡೋದೇ ಉಣುಗಿಂದ. ಫುಲ್ ಪ್ಯಾಂಟ್ ಹಾಕಿ ಸಾಕ್ಸ್ ಒಳಗೆ ತುರುಕಿ, ಒಣಗಿದ ಎಲೆ ಮೇಲೆ ಕೂರಿಸ್ಬೇಡಿ, ಎಲ್ಲಾದ್ರೂ ಸತ್ತ ಮಂಗ ಕಂಡ್ರೆ ಹತ್ರ ಹೋಗ್ದೆ ಫಾರೆಸ್ಟ್‌ನೋರಿಗೆ ಹೇಳಿ. ಕತ್ತಲಾಗೋ ಮುಂಚೆ ಕಳಸ ದಾಟ್ಬೇಕು ಅಂದ್ರೆ ಮೂರೂವರೆಗೆ ವಾಪಸ್ ಹೊರಡಿ. ಮನೆಗೆ ಬಂದ ತಕ್ಷಣ, ಮಕ್ಕಳು ಎಷ್ಟೇ ನಿದ್ದೆಗಣ್ಣಲ್ಲಿದ್ರೂ, ಬಿಸಿನೀರು ಹಾಕಿ ಕಿವಿ ಹಿಂದೆ, ಕಂಕುಳು, ಮಂಡಿ ಸಂದಿ, ತಲೆಕೂದಲು ಎಲ್ಲಾ ನೋಡಿ, ಬಟ್ಟೆ ಬಿಸಿನೀರಲ್ಲೇ ನೆನೆಹಾಕಿ. ಮುಂದಿನ ಹತ್ತು ದಿನದೊಳಗೆ ಜ್ವರ ಮೈಕೈ ನೋವು ಬಂದ್ರೆ ಡಾಕ್ಟರ್ ಹತ್ರ ಕಾಡಿಗೆ ಹೋಗಿದ್ವಿ ಅನ್ನೋದನ್ನ ಮೊದಲು ಹೇಳಿ.